ತಟ್ಟೆಯ ತೀರ್ಮಾನ ಯಾರದು?

ಮಾಂಸ ತಿನ್ನುವುದನ್ನು ಬಿಡಬೇಕೇ ಅಥವಾ ಕಡಿಮೆ ಮಾಡಿದರೆ ಸಾಕೇ? ಕೆಲವು ವರ್ಷಗಳ ಹಿಂದಿನವರೆಗೂ ಮುಸ್ಲಿಮ್ ಮನೆಗಳಲ್ಲಿ ಅಪರೂಪವಾಗಿದ್ದ ಈ ಪ್ರಶ್ನೆ ಈಗ ಅಲ್ಲಲ್ಲಿ ಕೇಳಿಬರತೊಡಗಿದೆ. ರಕ್ತ ಪರೀಕ್ಷೆಯ ವರದಿಯೊಂದಿಗೆ ಆಸ್ಪತ್ರೆಯಿಂದ ಮರಳಿದ ತಂದೆಗೆ ಕೆಂಪು ಮಾಂಸ ಕಡಿಮೆ ಮಾಡುವಂತೆ ವೈದ್ಯರು ಹೇಳಿರುತ್ತಾರೆ. ಹಾಸ್ಟೆಲಿನಲ್ಲಿದ್ದು ಓದುವ ಮಗಳು ರಜೆಗೆ ಬಂದವಳು ತಾನಿನ್ನು ಸಸ್ಯಾಹಾರಿ ಎನ್ನುತ್ತಾಳೆ. ಆಡಿನ ಮಾಂಸದ ಬೆಲೆ ಕಿಲೋಗೆ ಏಳುನೂರು ರೂಪಾಯಿ ದಾಟಿದ ಮೇಲೆ ತಾಯಿಯಂತೂ ಯಾರ ಸಲಹೆಗೂ ಕಾಯದೆ ಒಂದು ಕಿಲೋದಿಂದ ಅರ್ಧ ಕಿಲೋಗೆ ಇಳಿದಿರುತ್ತಾಳೆ. ಹೀಗೆ ಒಂದೇ ಮನೆಯ ಮೂವರು ಮೂರು ಕಾರಣಗಳಿಂದ ಒಂದೇ ಕಡೆಗೆ ಬಂದು ನಿಂತಿದ್ದಾರೆ. ಆದರೂ ಊಟದ ಹೊತ್ತಿನಲ್ಲಿ ಈ ಮಾತು ಎದ್ದೊಡನೆ ಚರ್ಚೆ ಜಗಳವಾಗುತ್ತದೆ.

ಅದಕ್ಕೆ ಕಾರಣವಿದೆ. ನಮ್ಮಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಅಲ್ಲಾಹನು ಹಲಾಲ್ ಮಾಡಿದ್ದನ್ನು ಬಿಡಲು ನಾವು ಯಾರು ಎಂಬುದು ಒಂದು. ಬಿಡಿ ಎಂದು ಅವರು ಹೇಳುತ್ತಿರುವಾಗ ನಾವು ಬಿಟ್ಟರೆ ಸೋತಂತಾಗುವುದಿಲ್ಲವೇ ಎಂಬುದು ಇನ್ನೊಂದು. ಮೊದಲನೆಯದು ಧರ್ಮದ ಮಾತು, ಎರಡನೆಯದು ರಾಜಕೀಯದ ಮಾತು. ವಾಸ್ತವದಲ್ಲಿ ನಮ್ಮ ಮನೆಗಳಲ್ಲಿ ಎರಡನೆಯದೇ ಮೊದಲನೆಯದರ ವೇಷ ಧರಿಸಿ ಬರುತ್ತದೆ ಎಂಬುದು ಈ ಲೇಖಕನ ಅನಿಸಿಕೆ. ಆದ್ದರಿಂದ ರಾಜಕೀಯದಿಂದಲೇ ಆರಂಭಿಸೋಣ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮುಸ್ಲಿಮರಿಗೆ ಮಾಂಸವು ಬರಿಯ ಆಹಾರವಾಗಿ ಉಳಿದು ಬಹಳ ಕಾಲವಾಯಿತು. 2005ರ ಮಾರ್ಚ್‌ನಲ್ಲಿ ಆದಿ ಉಡುಪಿಯಲ್ಲಿ ಜಾನುವಾರು ವ್ಯಾಪಾರಿಗಳಾದ ತಂದೆ ಮತ್ತು ಮಗನನ್ನು ಗುಂಪೊಂದು ಹೊಡೆದು ಬೆತ್ತಲೆಗೊಳಿಸಿದ ದೃಶ್ಯವನ್ನು ರಾಜ್ಯವೇ ನೋಡಿತು. 2016ರ ಆಗಸ್ಟ್‌ನಲ್ಲಿ ಬ್ರಹ್ಮಾವರದ ಕಡೆಯ ಕೆಂಜೂರಿನ ಬಳಿ ಕರುಗಳನ್ನು ಸಾಗಿಸುತ್ತಿದ್ದ ಯುವಕನೊಬ್ಬನನ್ನು ಗೋರಕ್ಷಣೆಯ ಹೆಸರಿನಲ್ಲಿ ಕೊಲ್ಲಲಾಯಿತು. ಅವನು ಮುಸ್ಲಿಮನಾಗಿರಲಿಲ್ಲ, ಬಿಜೆಪಿಯ ಸ್ಥಳೀಯ ಕಾರ್ಯಕರ್ತನಾಗಿದ್ದನು. ಗುಂಪಿನ ಕೈಗೆ ಒಮ್ಮೆ ದೊಣ್ಣೆ ಕೊಟ್ಟ ಮೇಲೆ ಅದು ಯಾರ ತಲೆಯ ಮೇಲೆ ಬೀಳುತ್ತದೆಂಬುದು ಕೊಟ್ಟವರ ಹಿಡಿತದಲ್ಲಿ ಇರುವುದಿಲ್ಲ.

ಇನ್ನು ಕಾನೂನು. 1964ರ ಕಾಯ್ದೆಯು ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸಿತ್ತಾದರೂ ಹನ್ನೆರಡು ವರ್ಷ ಮೀರಿದ ಅಥವಾ ದುಡಿಯಲಾರದ ಎತ್ತು, ಕೋಣಗಳ ವಿಷಯದಲ್ಲಿ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2010ರಲ್ಲಿ ವಿಧಾನಮಂಡಲ ಒಪ್ಪಿದ ಕಠಿಣ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ದೊರೆಯಲಿಲ್ಲ. ಆದರೆ 2021ರ ಜನವರಿಯಿಂದ ಸುಗ್ರೀವಾಜ್ಞೆಯಾಗಿ, ಬಳಿಕ ಕಾಯ್ದೆಯಾಗಿ ಬಂದ ಹೊಸ ಕಾನೂನಿನಡಿ ಹಸು, ಕರು, ಹೋರಿ, ಎತ್ತುಗಳೆಲ್ಲವೂ ಸೇರಿದವು. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಷ್ಟೇ ಹೊರಗುಳಿದವು. ಶಿಕ್ಷೆ ಮೂರರಿಂದ ಏಳು ವರ್ಷ. ಮೊದಲ ಅಪರಾಧಕ್ಕೆ ದಂಡ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಇದರ ಪರಿಣಾಮವನ್ನು ಶ್ರೀಮಂತನ ಮನೆಯಲ್ಲಿ ಹುಡುಕಬಾರದು. ಅವನು ಮೊದಲೂ ಆಡಿನ ಮಾಂಸ ತಿನ್ನುತ್ತಿದ್ದ, ಈಗಲೂ ತಿನ್ನುತ್ತಾನೆ. ವಾರಕ್ಕೊಮ್ಮೆ ಅಗ್ಗದ ಮಾಂಸವನ್ನು ತಂದು ಆರೇಳು ಮಂದಿಗೆ ಹಂಚುತ್ತಿದ್ದ ಕೂಲಿಕಾರನ ಮನೆ ಬಾಯ್ಲರ್ ಕೋಳಿಗೆ ಬಂದು ನಿಂತಿತು. ಅವನು ಮಾಂಸವನ್ನು ಕಡಿಮೆ ಮಾಡಿದನೇ? ಮಾಡಿದನು. ಆದರೆ ಅದು ಅವನ ತೀರ್ಮಾನವಾಗಿರಲಿಲ್ಲ.

ಪ್ರಾಣಿದಯೆಯೇ ಇದಕ್ಕೆಲ್ಲ ಪ್ರೇರಣೆ ಎನ್ನುವವರು 2022ರ ಯುಗಾದಿಯ ದಿನಗಳನ್ನು ನೆನಪಿಸಿಕೊಳ್ಳಬೇಕು. ಹೊಸತೊಡಕಿನ ಹೊತ್ತಿಗೆ ರಾಜ್ಯದಲ್ಲಿ ನಡೆದ ಬಹಿಷ್ಕಾರದ ಅಭಿಯಾನವು ಮಾಂಸದ ವಿರುದ್ಧವಾಗಿರಲಿಲ್ಲ, ಹಲಾಲ್ ಮಾಂಸದ ವಿರುದ್ಧವಾಗಿತ್ತು. ಕುರಿ ಸಾಯಬಾರದೆಂದು ಯಾರೂ ಹೇಳಲಿಲ್ಲ. ಅದನ್ನು ಕೊಯ್ಯುವವನು ಮುಸ್ಲಿಮನಾಗಬಾರದೆಂಬುದಷ್ಟೇ ಅವರ ಬೇಡಿಕೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಮಾತನ್ನೂ ಹೇಳಬೇಕಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಗಂಗೊಳ್ಳಿಯಲ್ಲಿ ಗೋಹತ್ಯೆಯನ್ನು ವಿರೋಧಿಸಿ ದೊಡ್ಡ ಮೆರವಣಿಗೆ ನಡೆಯಿತು. ಅದರ ಬೆನ್ನಿಗೇ, ಮೆರವಣಿಗೆಯಲ್ಲಿ ಪಾಲ್ಗೊಂಡರೆಂಬ ಕಾರಣಕ್ಕೆ ಮೀನು ಮಾರುವ ಮಹಿಳೆಯರಿಂದ ಮುಸ್ಲಿಮರು ಖರೀದಿ ನಿಲ್ಲಿಸಿದ್ದಾರೆಂಬ ದೂರು ಎದ್ದಿತು. ದನದ ಹೆಸರಿನಲ್ಲಿ ಹೊತ್ತಿದ ಬೆಂಕಿ ಬಂಗುಡೆಯ ಬುಟ್ಟಿಯನ್ನು ಸುಟ್ಟಿತು. ಬಂದರಿನ ಊರಿನಲ್ಲಿ ತಲೆಮಾರುಗಳಿಂದ ಒಬ್ಬರು ಹಿಡಿದು ಇನ್ನೊಬ್ಬರು ಕೊಂಡು ಬದುಕಿದವರು ಯಾರೋ ಹೊರಗಿನವರು ಬರೆದ ನಾಟಕದಲ್ಲಿ ಪಾತ್ರಧಾರಿಗಳಾದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವ ಹೆಂಗಸಿನ ಅಂದಿನ ಸಂಪಾದನೆಯನ್ನು ತಡೆದು ನಾವು ಯಾವ ಹಕ್ಕನ್ನು ಸ್ಥಾಪಿಸಿದಂತಾಯಿತು?

ಆಹಾರವು ಧ್ವಜವಾದಾಗ ಆಗುವುದೇ ಇದು. ಅವರು ಬೇಡವೆಂದ ಕಾರಣಕ್ಕೆ ಬಿಡುವವನ ತಟ್ಟೆಯನ್ನು ಅವರು ನಿರ್ಧರಿಸಿದ್ದಾರೆ, ಸರಿ. ಅವರು ಬೇಡವೆಂದರೆಂದು ಎರಡು ತುಂಡು ಹೆಚ್ಚು ತಿನ್ನುವವನ ತಟ್ಟೆಯನ್ನು ನಿರ್ಧರಿಸಿದವರು ಯಾರು? ಅವರೇ ಅಲ್ಲವೇ? ಕಾನೂನಿನ ಅನ್ಯಾಯವನ್ನು ನ್ಯಾಯಾಲಯದಲ್ಲಿ, ಮತಪೆಟ್ಟಿಗೆಯಲ್ಲಿ, ಪತ್ರಿಕೆಯಲ್ಲಿ ಎದುರಿಸಬೇಕು. ಹೊಟ್ಟೆಯಲ್ಲಿ ಎದುರಿಸಿದರೆ ಸಕ್ಕರೆ ಕಾಯಿಲೆ ಬರುತ್ತದೆ, ಕಾನೂನು ಹಾಗೆಯೇ ಇರುತ್ತದೆ.

ನಮ್ಮ ಈ ಮೂರು ತಾಲೂಕುಗಳ ನೆಲವೇ ಈ ವಿಷಯದಲ್ಲಿ ಸ್ವಾರಸ್ಯಕರವಾದುದು. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಎಂಟಿಆರ್ ಆಯಿತು. ಉಡುಪಿ ಹೋಟೆಲೆಂಬ ಹೆಸರು ಸಸ್ಯಾಹಾರಕ್ಕೆ ಪರ್ಯಾಯ ಪದವಾಗಿ ದೇಶವಿಡೀ ಹರಡಿತು. ಅದೇ ಪಾರಂಪಳ್ಳಿಯಿಂದ ಗಂಟೆಯೊಳಗೆ ತಲುಪಬಹುದಾದ ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಕೋಳಿ ಘೀ ರೋಸ್ಟಿನ ತವರೆಂದು ಖ್ಯಾತವಾಗಿದೆ. ಎರಡೂ ಈ ಮಣ್ಣಿನವೇ. 2014ರ ಸರಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಐದನೇ ನಾಲ್ಕು ಭಾಗ ಜನರು ಮಾಂಸಾಹಾರಿಗಳು. ಆದ್ದರಿಂದ ಮಾಂಸವನ್ನು ಮುಸ್ಲಿಮರ ಚಟವೆಂದು ಬಣ್ಣಿಸುವವರಿಗೆ ತಮ್ಮ ರಾಜ್ಯದ ಪರಿಚಯವೇ ಇಲ್ಲ.

ಆದರೆ ಮಾಂಸವಿಲ್ಲದೆ ಊಟವೇ ಇಲ್ಲವೆನ್ನುವ ನಮ್ಮ ಇಂದಿನ ತರುಣರಿಗೂ ತಮ್ಮ ಅಜ್ಜಿಯ ಅಡುಗೆಮನೆಯ ಪರಿಚಯವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಈ ನಿಷೇಧದ ನಿಯಮ ಬರುವ ಮೊದಲೂ ಮಳೆಗಾಲದ ಕಡಲು ತಾನೇ ನಿಷೇಧ ಹೇರುತ್ತಿತ್ತು. ಶಿರೂರಿನ ನವಾಯತರ ಮನೆಯಾಗಲಿ, ಕೋಡಿಯ ಬ್ಯಾರಿಗಳ ಮನೆಯಾಗಲಿ, ಉರ್ದು ಮಾತನಾಡುವ ಸಾಹೇಬರ ಮನೆಯಾಗಲಿ, ಆ ತಿಂಗಳುಗಳಲ್ಲಿ ನಡೆಯುತ್ತಿದ್ದುದು ಬಸಳೆ, ಹರಿವೆ, ಹುರುಳಿ ಸಾರು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಕೆಸುವಿನ ಪತ್ರೊಡೆ ಮತ್ತು ಸುಟ್ಟ ಒಣಮೀನಿನ ತುಂಡಿನಿಂದ. ಮಾಂಸ ಪೆರ್ನಾಳಿಗೆ, ಮದುವೆಗೆ, ಬಂದ ನೆಂಟರಿಗೆ. ಕೊಲ್ಲಿ ರಾಷ್ಟ್ರಗಳಿಂದ ಬಂದ ಹಣವು ನಮಗೆ ಮನೆ ಕಟ್ಟಿಸಿತು, ಮಕ್ಕಳನ್ನು ಓದಿಸಿತು. ಅದಕ್ಕೆ ನಾವು ಋಣಿಗಳು. ಅದರೊಂದಿಗೆ ಬಂದ ಮಂದಿ, ಅಲ್‌ಫಹಮ್, ಶವರ್ಮಾಗಳು ಈಗ ಬ್ರಹ್ಮಾವರದಿಂದ ಶಿರೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ರಾತ್ರಿಯ ದೀಪ ಬೆಳಗಿಸುತ್ತಿವೆ. ಅವು ನಮ್ಮ ಪರಂಪರೆಯಲ್ಲ. ಅವನ್ನು ತಿನ್ನಬಾರದೆಂದಲ್ಲ, ಅವನ್ನು ಸಮುದಾಯದ ಗುರುತೆಂದು ರಕ್ಷಿಸಲು ಹೊರಡುವುದು ನಗೆಪಾಟಲು.

ಈಗ ಧರ್ಮದ ಮಾತಿಗೆ ಬರೋಣ. ಹಲಾಲ್ ಎಂದರೆ ಅನುಮತಿ, ಕಡ್ಡಾಯವಲ್ಲ. ಮದ್ರಸದ ಕಿರಿಯ ತರಗತಿಯಲ್ಲೇ ಕಲಿಸುವ ಈ ವ್ಯತ್ಯಾಸವನ್ನು ನಾವು ಊಟಕ್ಕೆ ಕೂತಾಗ ಮರೆಯುತ್ತೇವೆ. ಕಾಫಿ ಹಲಾಲ್; ಕುಡಿಯದವನ ಈಮಾನಿನ ಬಗ್ಗೆ ಯಾರೂ ಸಂಶಯಪಡುವುದಿಲ್ಲ. ಪ್ರವಾದಿಯವರ(ಸ) ಮನೆಯಲ್ಲಿ ತಿಂಗಳುಗಟ್ಟಲೆ ಒಲೆ ಉರಿಯದೆ ಖರ್ಜೂರ ಮತ್ತು ನೀರಿನಲ್ಲೇ ದಿನಗಳು ಕಳೆದುದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಕುರಿಯ ಮುಂಗಾಲಿನ ಮಾಂಸ ಅವರಿಗೆ ಇಷ್ಟವಾಗಿತ್ತೆಂಬ ಹದೀಸನ್ನು ನಾವು ಬಾಯಿಪಾಠ ಹೇಳುತ್ತೇವೆ. ಹರಿವಾಣದಲ್ಲಿ ಸೋರೆಕಾಯಿಯ ಹೋಳುಗಳನ್ನು ಅವರು ಹುಡುಕಿ ಹುಡುಕಿ ತಿನ್ನುತ್ತಿದ್ದುದನ್ನು ಕಂಡ ದಿನದಿಂದ ಹಝ್ರತ್ ಅನಸ್(ರ) ಅವರಿಗೆ ಸೋರೆಕಾಯಿಯೇ ಪ್ರಿಯವಾಯಿತೆಂಬ ಹದೀಸ್ ಅಷ್ಟೇ ಪ್ರಬಲವಾದುದು. ಅದನ್ನು ವಲೀಮಾದ ಭಾಷಣದಲ್ಲಿ ಕೇಳಿದವರುಂಟೇ?

ಹಝ್ರತ್ ಉಮರ್(ರ) ಅವರದು ಇನ್ನೂ ನಿಷ್ಠುರವಾದ ನಿಲುವು. ಮದ್ಯದ ಚಟದಂತೆಯೇ ಮಾಂಸಕ್ಕೂ ಚಟವಿದೆ, ಎಚ್ಚರವಿರಲಿ ಎಂಬ ಅರ್ಥದ ಅವರ ಮಾತು ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿದೆ. ಅಲ್ಲಿಯೇ ಇನ್ನೊಂದು ಪ್ರಸಂಗವಿದೆ. ಮಾಂಸ ಕೊಂಡೊಯ್ಯುತ್ತಿದ್ದ ಹಝ್ರತ್ ಜಾಬಿರ್(ರ) ಅವರನ್ನು ತಡೆದು ಖಲೀಫರು ಕಾರಣ ಕೇಳುತ್ತಾರೆ. ತಿನ್ನುವ ಆಸೆಯಾಯಿತು, ಕೊಂಡೆ ಎಂಬುದು ಉತ್ತರ. ನೆರೆಯವನಿಗೂ ಬಂಧುವಿಗೂ ಕೊಡುವ ಸಲುವಾಗಿ ನಿಮ್ಮ ಹೊಟ್ಟೆಯನ್ನು ಸ್ವಲ್ಪ ಬಿಗಿ ಹಿಡಿಯಲಾರಿರಾ ಎಂದು ಉಮರ್(ರ) ಮರುಪ್ರಶ್ನಿಸುತ್ತಾರೆ. ಅವರ ಪ್ರಶ್ನೆ ಮಾಂಸವು ಹಲಾಲೋ ಅಲ್ಲವೋ ಎಂಬುದಲ್ಲ, ಪಕ್ಕದ ಮನೆಯ ಒಲೆಯ ಸ್ಥಿತಿ ಏನು ಎಂಬುದು.

ಹಾಗಾದರೆ ಪೂರ್ಣ ಸಸ್ಯಾಹಾರಿಯಾಗಲು ಹೊರಟ ಆ ಹಾಸ್ಟೆಲಿನ ಹುಡುಗಿಗೆ ಏನು ಹೇಳೋಣ? ಬೈಯಬೇಕಾಗಿಲ್ಲ. ರಾಷ್ಟ್ರಪತಿಯಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸಸ್ಯಾಹಾರಿಯಾಗಿದ್ದರು. ವಿದ್ಯಾರ್ಥಿ ದೆಸೆಯ ಹಣದ ಅಡಚಣೆಯಿಂದ ಆರಂಭವಾದ ಅಭ್ಯಾಸವನ್ನು ಅವರು ಕೊನೆಯವರೆಗೂ ಇಟ್ಟುಕೊಂಡರು. ಅದರಿಂದ ಅವರ ನಮಾಝಿಗೆ ಧಕ್ಕೆಯಾಗಲಿಲ್ಲ. ಆದರೆ ಆಕೆ ಎರಡು ವಿಷಯಗಳನ್ನು ತಿಳಿದಿರಬೇಕು. ತನಗೆ ಬೇಡವೆನ್ನುವುದು ಬೇರೆ, ಹಲಾಲ್ ಆದುದನ್ನು ಪಾಪವೆಂದು ಸಾರುವುದು ಬೇರೆ. ಅನುಮತಿಸಲಾದುದನ್ನು ತನ್ನ ಮೇಲೆ ನಿಷಿದ್ಧ ಮಾಡಿಕೊಳ್ಳುವ ವಿಷಯದಲ್ಲಿ ಸ್ವತಃ ಪ್ರವಾದಿಯವರಿಗೇ(ಸ) ಎಚ್ಚರಿಕೆ ಬಂದುದನ್ನು ಅತ್ತಹ್ರೀಮ್ ಅಧ್ಯಾಯದ ಆರಂಭದಲ್ಲಿ ಓದುತ್ತೇವೆ. ಇನ್ನೊಂದು ಬಕ್ರೀದ್. ಹನಫಿಗಳಲ್ಲಿ ಉಳ್ಳವನಿಗೆ ಕುರ್ಬಾನಿ ವಾಜಿಬ್. ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್ಸ್‌ಹಬಿನಲ್ಲಿ ಪ್ರಬಲ ಸುನ್ನತ್. ಆದರೆ ಅದರ ಮಾಂಸವನ್ನು ತಾನೇ ತಿನ್ನಬೇಕೆಂಬುದು ಬಹುಪಾಲು ವಿದ್ವಾಂಸರಲ್ಲಿ ಕಡ್ಡಾಯವಲ್ಲ. ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ತಲಪದು, ತಲಪುವುದು ಭಕ್ತಿ ಎಂಬುದೇ ಅಲ್‌ಹಜ್ಜ್ ಅಧ್ಯಾಯದ ಬೋಧನೆಯಾಗಿರುವಾಗ, ತನ್ನ ಪಾಲನ್ನೂ ಬಡವನಿಗೆ ಕೊಟ್ಟವಳು ಏನನ್ನೂ ಕಳೆದುಕೊಳ್ಳಲಿಲ್ಲ. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಹಝ್ರತ್ ಅಲಿ(ರ) ಅವರದೆಂದು ಎತ್ತಿಕೊಂಡ ಮಾತೊಂದು ತಂದೆ-ಮಗಳಿಬ್ಬರನ್ನೂ ಸುಮ್ಮನಾಗಿಸಬಲ್ಲುದು. ನಲವತ್ತು ದಿನ ಮಾಂಸವನ್ನು ಪೂರ್ತಿ ಬಿಟ್ಟರೆ ಸ್ವಭಾವ ಕೆಡುತ್ತದೆ, ನಲವತ್ತು ದಿನ ಬಿಡದೆ ತಿಂದರೆ ಹೃದಯ ಕಲ್ಲಾಗುತ್ತದೆ ಎಂಬುದು ಅದರ ಸಾರ.

ಹಲಾಲ್ ಎಂಬ ಪದದೊಂದಿಗೆ ಕುರ್‌ಆನ್ ‘ತಯ್ಯಿಬ್’ ಎಂಬ ಇನ್ನೊಂದು ಪದವನ್ನು ಜೋಡಿಸಿದೆ. ಶುದ್ಧವಾದುದು, ಒಳ್ಳೆಯದು ಎಂದು ಅದರ ಅರ್ಥ. ನಾವು ಚೂರಿಯ ಬಳಿ ಬಿಸ್ಮಿಲ್ಲಾ ಹೇಳಿದರೇ ಎಂದು ವಿಚಾರಿಸುತ್ತೇವೆ, ಅಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ಸುಮಾರು ನಲವತ್ತು ದಿನಗಳಲ್ಲಿ ಕೊಬ್ಬಿಸಿ, ಕಾಲು ಕಟ್ಟಿ ತಲೆಕೆಳಗಾಗಿ ಬೈಕಿನ ಎರಡೂ ಬದಿಗೆ ನೇತುಹಾಕಿ ಬಿಸಿಲಿನಲ್ಲಿ ತರುವ ಬಾಯ್ಲರ್ ಕೋಳಿ ತಯ್ಯಿಬ್ ಆಗಿದೆಯೇ? ಕೊಲಿಸ್ಟಿನ್ ಎಂಬ ಪ್ರತಿಜೈವಿಕ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು. ಬೇರೆ ಔಷಧಗಳು ಸೋತಾಗ ಮನುಷ್ಯನಿಗೆ ಕೊಡುವ ಕೊನೆಯ ಮದ್ದುಗಳಲ್ಲಿ ಅದೊಂದು. ಅದನ್ನು ಕೋಳಿ ಬೇಗ ಬೆಳೆಯಲೆಂದು ಬಳಸಲಾಗುತ್ತಿತ್ತು. ಪ್ರಾಣಿಯ ಕಣ್ಣೆದುರು ಚೂರಿ ಮಸೆಯುವುದನ್ನೂ ಸಹಿಸದ ಪ್ರವಾದಿಯ(ಸ) ಅನುಯಾಯಿಗಳು ಕೋಳಿಯಂಗಡಿಯ ಪಂಜರದ ಮುಂದೆ ಒಂದು ನಿಮಿಷ ನಿಲ್ಲಬೇಕು. ತಿಂಗಳಿಗೆ ನಾಲ್ಕು ಬಾಯ್ಲರ್ ಕೋಳಿಯ ಬದಲು ಒಂದು ಊರಕೋಳಿ ಎಂಬ ಲೆಕ್ಕ ನಾಲಗೆಗೂ ನಷ್ಟವಲ್ಲ.

ಆರೋಗ್ಯದ ಮಾತನ್ನು ವೈದ್ಯರೇ ಹೇಳುತ್ತಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ರಕ್ತದೊತ್ತಡ ಇದೆಯೆಂದಿತು. ಇದಕ್ಕೆಲ್ಲ ಮಾಂಸವೇ ಕಾರಣವೆಂದರೆ ಸುಳ್ಳಾಗುತ್ತದೆ. ಸಸ್ಯಾಹಾರಿಗಳಿಗೂ ಈ ಕಾಯಿಲೆಗಳಿವೆ. ಬಿರಿಯಾನಿಯ ಅನ್ನ, ತುಪ್ಪ, ಮೇಲಿನಿಂದ ಕುಡಿಯುವ ತಂಪು ಪಾನೀಯ ಮತ್ತು ನಡೆಯದ ಕಾಲುಗಳ ಪಾಲು ದೊಡ್ಡದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿದ ಬಳಿಕ, ಮಕ್ಕಳ ಟಿಫಿನ್ ಡಬ್ಬಿಗೆ ಸಾಸೇಜು, ನಗೆಟ್ಸುಗಳನ್ನು ತುಂಬುವ ಮುನ್ನ ಯೋಚಿಸುವುದು ಒಳ್ಳೆಯದು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಕಡಿಮೆ ಮಾಡುವುದು ಸರಿ, ಆದರೆ ಯಾರ ತಟ್ಟೆಯಿಂದ? ನಮ್ಮ ಅನೇಕ ಮನೆಗಳಲ್ಲಿ ಗಂಡಸರು ಮತ್ತು ಅತಿಥಿಗಳು ಮೊದಲು ಊಟ ಮಾಡುತ್ತಾರೆ. ತುಂಡುಗಳು ಅವರಿಗೆ. ಆ ಮೇಲೆ ಹುಡುಗರು. ಕೊನೆಗೆ ಪಾತ್ರೆಯ ತಳದ ಸಾರಿನಲ್ಲಿ ಅನ್ನ ಕಲಸಿಕೊಳ್ಳುವವಳು ಬೆಳಗ್ಗಿನಿಂದ ಮಸಾಲೆ ಅರೆದವಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019-21) ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. ಇಂಥ ಸ್ಥಿತಿಯಲ್ಲಿ ಮನೆಯ ಯಜಮಾನನು ಒಂದು ದಿನ ವೈದ್ಯರ ಮಾತಿಗೆ ಹೆದರಿ, ಇನ್ನು ಮನೆಯಲ್ಲಿ ಮಾಂಸ ಕಡಿಮೆ ಎಂದು ಆಜ್ಞೆ ಹೊರಡಿಸಿದರೆ ಆಗುವುದೇನು? ಅರ್ಧ ಕಿಲೋದ ತುಂಡುಗಳು ಅವನ ತಟ್ಟೆಗೇ ಬೀಳುತ್ತವೆ. ಹೆಂಗಸಿನ ತಟ್ಟೆಗೆ ಮೊದಲು ಬರುತ್ತಿದ್ದ ಒಂದು ತುಂಡೂ ಇಲ್ಲವಾಗುತ್ತದೆ. ಸಕ್ಕರೆ ಕಾಯಿಲೆ ಗಂಡನಿಗೆ, ಪಥ್ಯ ಹೆಂಡತಿಗೆ!

ಆದ್ದರಿಂದ ಕಡಿತವು ಗಂಡಸಿನ ತಟ್ಟೆಯಿಂದ ಆರಂಭವಾಗಬೇಕು. ಬಸುರಿ, ಬಾಣಂತಿ, ಬೆಳೆಯುವ ಹುಡುಗಿ, ಇವರ ಪಾಲಿನ ಮೊಟ್ಟೆ, ಮೀನು, ಮಾಂಸಕ್ಕೆ ಕೈ ಹಾಕಕೂಡದು. ಮಾಂಸ ಬೇಡವೆನ್ನುವ ಮಗಳಿಗೂ ಹಾಲು, ಮೊಟ್ಟೆ, ಬೇಳೆ, ಹುರುಳಿ, ಸೊಪ್ಪು ಸಾಕಷ್ಟು ಸಿಗುವಂತೆ ನೋಡಿಕೊಳ್ಳಬೇಕು. ಬಿ12 ಎಂಬ ಜೀವಸತ್ವ ಸಹಜವಾಗಿ ದೊರೆಯುವುದು ಪ್ರಾಣಿಮೂಲದ ಆಹಾರದಿಂದ. ಮೊಟ್ಟೆ, ಹಾಲನ್ನೂ ಬಿಡುವುದಾದರೆ ವೈದ್ಯರ ಸಲಹೆ ಬೇಕೇಬೇಕು. ಸೊಪ್ಪು, ಧಾನ್ಯಗಳ ಕಬ್ಬಿಣದ ಅಂಶ ರಕ್ತಕ್ಕೆ ಸೇರಲು ಲಿಂಬೆಯ ಹುಳಿ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಉಂಡ ಕೈ ಒಣಗುವ ಮೊದಲೇ ಚಹಾ ಕೇಳುವುದು ನಮ್ಮಲ್ಲಿ ರೂಢಿ.

ಇದೇ ಕಾರಣಕ್ಕೆ ಶಾಲೆಯ ಮೊಟ್ಟೆಯ ವಿಷಯದಲ್ಲಿ ನಾವು ದೃಢವಾಗಿರಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮುಂದೆ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಝೀಮ್ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಾದವು. ಬೇಡವೆಂದ ಮಗುವಿಗೆ ಬಾಳೆಹಣ್ಣು ಇದೆ. ಹಸಿದ ಮಗುವಿನ ಮುಂದೆ ಎರಡನ್ನೂ ಇಟ್ಟು ಆಯ್ದುಕೊಳ್ಳಲು ಬಿಟ್ಟ ಈ ಕ್ರಮದಲ್ಲಿ, ಹೊಟ್ಟೆ ತುಂಬಿದ ನಮ್ಮ ಮನೆಗಳು ಕಲಿಯಬಹುದಾದ ಪಾಠವೂ ಇದೆ.

ಕಡಿಮೆ ಮಾಡಲು ಮನೆಗಿಂತಲೂ ಒಳ್ಳೆಯ ಜಾಗ ಮದುವೆಯ ಹಾಲ್. ಐನೂರು ಮಂದಿಯ ಸಾಧಾರಣ ವಲೀಮಾವನ್ನೇ ತೆಗೆದುಕೊಳ್ಳಿ. ತಲಾ 200 ಗ್ರಾಂನಂತೆ ಆಡಿನ ಮಾಂಸವೆಂದರೂ ನೂರು ಕಿಲೋ. ಕಿಲೋಗೆ 700 ರೂಪಾಯಿಯಂತೆ 70,000 ರೂಪಾಯಿ ಬರಿಯ ಮಾಂಸಕ್ಕೆ. ಅದರ ಮೇಲೆ ಕೋಳಿ ಕಬಾಬು, ಮೀನಿನ ಫ್ರೈ, ಈಚೆಗೆ ಹಾಲ್‌ನ ಮೂಲೆಯಲ್ಲಿ ನಿಲ್ಲಿಸುವ ಶವರ್ಮಾ ಕೌಂಟರ್. ಊಟ ಮುಗಿದ ಹರಿವಾಣಗಳನ್ನು ಎತ್ತುವಾಗ ನೋಡಿದವರಿಗೆ ಗೊತ್ತು, ಕಚ್ಚಿಬಿಟ್ಟ ತುಂಡುಗಳು ಬಕೀಟುಗಳಲ್ಲಿ ಹೊರಹೋಗುತ್ತವೆ. ಆಟೋ ಓಡಿಸುವ ತಂದೆಯೂ ದೋಣಿಗೆ ಹೋಗುವ ಅಣ್ಣನೂ ಇದನ್ನೇ ಮಾಡಬೇಕಾಗುತ್ತದೆ, ಏಕೆಂದರೆ ಕಳೆದ ವಾರ ಇನ್ನೊಬ್ಬರು ಮಾಡಿದ್ದಾರೆ. ಹೆಣ್ಣಿನ ಕಡೆಯವರಿಗೂ ಇದೇ ಪಾಡು. ವರದಕ್ಷಿಣೆಯ ವಿರುದ್ಧ ಮಾತನಾಡಲು ಕಲಿತ ಸಮುದಾಯವು ಔತಣದ ಸಾಲದ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ.

ವಲೀಮಾಕ್ಕೆ ಮಾಂಸ ಸುನ್ನತ್ ಎಂದು ಹೇಳುವವರಿದ್ದಾರೆ. ಒಂದು ಕುರಿಯಿಂದಾದರೂ ಔತಣ ಕೊಡಿ ಎಂದು ಪ್ರವಾದಿಯವರು(ಸ) ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಹೇಳಿದ್ದು ನಿಜ. ಅವರು ದೊಡ್ಡ ವ್ಯಾಪಾರಿಗಳು. ಹಝ್ರತ್ ಝೈನಬ್(ರ) ಅವರ ವಿವಾಹದಲ್ಲಿ ರೊಟ್ಟಿ ಮತ್ತು ಮಾಂಸ ಬಡಿಸಲಾಗಿದ್ದೂ ನಿಜ. ಆದರೆ ಖೈಬರಿನಿಂದ ಮರಳುವ ದಾರಿಯಲ್ಲಿ ಹಝ್ರತ್ ಸಫಿಯ್ಯಾ(ರ) ಅವರೊಂದಿಗಿನ ವಿವಾಹದ ವಲೀಮಾದಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಚರ್ಮದ ಹಾಸು ಹರಡಿ ಅದರ ಮೇಲೆ ಖರ್ಜೂರ, ಒಣಮೊಸರು, ಬೆಣ್ಣೆಯನ್ನು ಇಡಲಾಯಿತೆಂದು ಬುಖಾರಿಯ ಹದೀಸ್ ಹೇಳುತ್ತದೆ. ಇದ್ದಾಗ ಮಾಂಸ, ಇಲ್ಲದಾಗ ಖರ್ಜೂರ. ಎರಡೂ ಸುನ್ನತೇ. ಹಾಗಿರುವಾಗ ಒಂದು ಸುನ್ನತನ್ನು ಮಾತ್ರ ಆರಿಸಿ, ಅದಕ್ಕಾಗಿ ಬಡ್ಡಿಯ ಸಾಲ ಮಾಡುವ ನಮ್ಮ ಜಾಣತನವನ್ನು ಏನೆನ್ನೋಣ?

ಮಾಂಸವೇ ಇಲ್ಲದ ವಲೀಮಾವನ್ನು ನಮ್ಮ ಊರುಗಳಲ್ಲಿ ಯಾರೂ ಒಮ್ಮೆಲೇ ಒಪ್ಪಲಾರರು. ಹಾಗೆ ಮಾಡಿದ ಬಡವನನ್ನು ಜಿಪುಣನೆನ್ನುತ್ತಾರೆ. ಆದುದರಿಂದ ಅದನ್ನು ಮೊದಲು ಮಾಡಬೇಕಾದವರು ಅನುಕೂಲಸ್ಥರು. ಉಳಿದವರಿಗೆ ಒಂದೇ ಮಾಂಸದ ಖಾದ್ಯ, ಅದರೊಂದಿಗೆ ತುಪ್ಪದನ್ನ, ಊರಿನ ತರಕಾರಿಯ ಎರಡು ಪಲ್ಯ, ಬೇಳೆಯ ಸಾರು ಎಂಬ ಮಿತಿಯನ್ನು ಜಮಾಅತ್ ನಿಗದಿಪಡಿಸಬಹುದು. ಕೋಟ, ಸಾಲಿಗ್ರಾಮದ ಕಡೆ ಭತ್ತದ ಬಳಿಕ ಗದ್ದೆಗಳಲ್ಲಿ ನೆಲಗಡಲೆ, ಉದ್ದು ಬೆಳೆಯುವ ರೈತರಿದ್ದಾರೆ. ತೊಂಡೆ, ಅಲಸಂಡೆ, ಮೊಗೆಕಾಯಿಗೆ ಊರಲ್ಲೇ ಬರವಿಲ್ಲ. ಅದೇ ಹಾಲಿಗೆ ಬರುವ ಹಿಂದೂ ಗೆಳೆಯರನ್ನು ಮೂಲೆಯ ‘ವೆಜ್’ ಮೇಜಿನಲ್ಲಿ ಹೊರಗಿನಿಂದ ತರಿಸಿದ ಪೊಟ್ಟಣದೂಟದ ಮುಂದೆ ಕೂರಿಸುವ ಮುಜುಗರವೂ ತಪ್ಪುತ್ತದೆ. ನಮ್ಮ ಹೆಂಗಸರು ಬೇಯಿಸಿದ ಬಸಳೆಯನ್ನು ಅವರು ಉಂಡರೆ ಸೌಹಾರ್ದ ಸಮಾವೇಶದ ಖರ್ಚು ಉಳಿಯಿತು.

ಮಾಂಸದಂಗಡಿಯವರ ಆಕ್ಷೇಪವೊಂದು ಉಳಿಯುತ್ತದೆ, ಅದು ನ್ಯಾಯವಾದುದೇ. 2021ರ ಕಾನೂನು, 2022ರ ಬಹಿಷ್ಕಾರ, ಈಗ ನೀವೂ ಕಡಿಮೆ ತಿನ್ನಿ ಎಂದರೆ ನಾವು ಬದುಕುವುದು ಹೇಗೆ ಎಂದು ಅವರು ಕೇಳಬಹುದು. ಬಕೀಟಿಗೆ ಹೋಗುವ ಮಾಂಸದಿಂದ ಯಾರ ಮನೆಯೂ ಉದ್ಧಾರವಾಗಬಾರದು ಎಂಬುದು ಒಂದು ಉತ್ತರ. ಆದರೆ ಆ ಉತ್ತರ ಸಾಲದು. ವಲೀಮಾದಲ್ಲಿ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಜಮಾಅತ್ ಅದೇ ಅಂಗಡಿಗಳಿಗೆ ಕೊಟ್ಟು, ಮೊಹಲ್ಲಾದ ವಿಧವೆಯರ ಮನೆಗೆ, ಬಾಣಂತಿಯರ ಮನೆಗೆ ತಿಂಗಳಿಗೊಮ್ಮೆ ಒಂದು ಕಿಲೋ ಮಾಂಸ ತಲಪಿಸುವ ವ್ಯವಸ್ಥೆ ಮಾಡಲು ಸಾಧ್ಯವಿದೆ. ಸಾರಿಗೆ ನೀರು ಹೆಚ್ಚಿಸಿ ನೆರೆಯವರಿಗೂ ಕೊಡು ಎಂದು ಪ್ರವಾದಿಯವರು(ಸ) ಹಝ್ರತ್ ಅಬೂದರ್ರ್(ರ) ಅವರಿಗೆ ಹೇಳಿದ್ದರು. ನೂರು ಕಿಲೋ ತರುವ ಅಂಗಡಿಯವನ ಲೆಕ್ಕ ಬಹಳ ಏರುಪೇರಾಗದು. ತಿನ್ನುವ ಬಾಯಿಗಳು ಮಾತ್ರ ಬೇರೆಯಾಗುತ್ತವೆ.

ಶವ್ವಾಲ್ ತಿಂಗಳ ಮದುವೆಗಳ ಮಾತುಕತೆ ರಮಝಾನಿಗೆ ಮೊದಲೇ ಮುಗಿಯುವುದು ವಾಡಿಕೆ. ಹಾಲ್ ಗೊತ್ತುಮಾಡಿ ಬಾಣಸಿಗನಿಗೆ ಮುಂಗಡ ಕೊಟ್ಟ ಮೇಲೆ ಈ ವಿಷಯ ಎತ್ತಿ ಪ್ರಯೋಜನವಿಲ್ಲ. ಶಅಬಾನಿನ ಜಮಾಅತ್ ಸಭೆಯಲ್ಲಿ ಲೆಕ್ಕಪತ್ರ, ಮಸೀದಿಯ ಬಣ್ಣ, ತರಾವೀಹ್ ಇಮಾಮರ ವಸತಿ ಎಂಬ ವಿಷಯಗಳ ಜೊತೆಗೆ ಇದನ್ನೂ ಒಂದು ವಿಷಯವಾಗಿ ಸೇರಿಸಲಿ. ಮತ್ತು ಆ ಸಭೆಗೆ, ಬೆಳಗ್ಗಿನಿಂದ ಮಸಾಲೆ ಅರೆದು ಕೊನೆಗೆ ಉಣ್ಣುವವರನ್ನೂ ಕರೆಯಲಿ.